ಲ್ಯಾಕ್ಸ್ಟನ್: ಬೇಲಿ ಕಾಣದ ಹೊಲಗಳ ಊರು

ನವೆಂಬರ್ ಕೊನೆಯ ಚಳಿ. ಟ್ರ್ಯಾಕ್ಟರ್ ಹಿಂದಿನ ಟ್ರೇಲರ್‌ನಲ್ಲಿ ಹನ್ನೆರಡು ಜನ, ಕಾಲ ಬುಡದಲ್ಲಿ ಒಂದು ಕಟ್ಟು ಮರದ ಗೂಟ. ಈಗಷ್ಟೇ ಗೋಧಿ ಬಿತ್ತಿದ ಹೊಲದಲ್ಲಿ ಇಳಿಯುತ್ತಾರೆ. ಒಬ್ಬನ ಪಟ್ಟಿ ಎಲ್ಲಿಗೆ ಮುಗಿಯಿತು, ಪಕ್ಕದವನದು ಎಲ್ಲಿಂದ ಶುರುವಾಯಿತು ಎಂದು ನೋಡಿ ಗೂಟ ಹೊಡೆಯುತ್ತಾರೆ. ಯಾರಾದರೂ ಒಂದೆರಡು ಸಾಲು ಜಾಸ್ತಿ ಉತ್ತು ದಾರಿಯ ಹುಲ್ಲಿಗೂ ನೇಗಿಲು ಹಾಕಿದ್ದರೆ ಬರೆದುಕೊಳ್ಳುತ್ತಾರೆ. ಒಂದು ವಾರ ಬಿಟ್ಟು ಪಂಚಾಯ್ತಿ, ದಂಡ.

ಇದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್ಟನ್. ಮಧ್ಯಯುಗದಲ್ಲಿ ಆ ದೇಶದ ಎಷ್ಟೋ ಊರುಗಳು ಹೀಗೇ ಬೇಸಾಯ ಮಾಡುತ್ತಿದ್ದವು. ಇವತ್ತು ಆ ಪದ್ಧತಿಯನ್ನು ಅದರ ಕೋರ್ಟಿನ ಸಮೇತ ನಡೆಸಿಕೊಂಡು ಬಂದಿರುವುದು ಇದೊಂದೇ ಊರು.

ಪದ್ಧತಿ ಸರಳ. ಊರಿನ ಸುತ್ತ ಮೂರು ದೊಡ್ಡ ಬಯಲು: ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ನಡುವೆ ಬೇಲಿಯಿಲ್ಲ. ಪ್ರತಿ ಬಯಲನ್ನೂ ಉದ್ದುದ್ದ ಪಟ್ಟಿಗಳಾಗಿ ಹಂಚಿದ್ದಾರೆ. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರುವುದಿಲ್ಲ, ಮೂರೂ ಬಯಲಲ್ಲಿ ಚದುರಿರುತ್ತವೆ. ಒಳ್ಳೆ ಮಣ್ಣು, ಕೆಟ್ಟ ಮಣ್ಣು ಎಲ್ಲರಿಗೂ ಅಷ್ಟಷ್ಟು ಸಿಗಲಿ ಅಂತ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲು.

ಪಟ್ಟಿ ಉದ್ದವಾಗಿದ್ದುದಕ್ಕೆ ಎತ್ತುಗಳೇ ಕಾರಣ. ಅಲ್ಲಿಯದು ಅಂಟು ಜೇಡಿಮಣ್ಣು. ಭಾರದ ನೇಗಿಲಿಗೆ ಎಂಟೆಂಟು ಎತ್ತು ಕಟ್ಟಿದ ಮೇಲೆ ಪದೇ ಪದೇ ತಿರುಗಿಸುವುದು ಯಾರಿಗೆ ಬೇಕು? ಹೋದಷ್ಟು ದೂರ ನೇರ ಹೋಗುವುದೇ ಸುಖ. ಹಾಗೆ ಒಂದೇ ಓಟದಲ್ಲಿ ಹೊಡೆಯುವ ಸಾಲಿನ ಉದ್ದವನ್ನೇ ಇಂಗ್ಲಿಷರು ಫರ್ಲಾಂಗ್ ಎಂದರು. ಕೊನೆಗೆ ಅದು 220 ಗಜ ಎಂದು ನಿಂತಿತು. ನಮ್ಮ ಅಜ್ಜಂದಿರು 'ಇಲ್ಲೇ ಒಂದು ಫರ್ಲಾಂಗು' ಎನ್ನುತ್ತಿದ್ದರಲ್ವಾ, ಅದೇ ಫರ್ಲಾಂಗು.

ಈ ಬಯಲು ಪದ್ಧತಿಯಲ್ಲಿ ಒಂದು ತಾಪತ್ರಯವಿದೆ. ಪಕ್ಕದವನು ಗೋಧಿ ಹಾಕಿದರೆ ನೀವೂ ಗೋಧಿಯನ್ನೇ ಹಾಕಬೇಕು. ಕೊಯ್ಲಾದ ಮೇಲೆ ಎಲ್ಲರ ದನ, ಕುರಿ ಒಟ್ಟಿಗೆ ಆ ಬಯಲಲ್ಲಿ ಮೇಯುವ ಪದ್ಧತಿ, ಹಾಗಾಗಿ ನಿಮ್ಮೊಬ್ಬರ ಬೆಳೆ ನಿಂತಿರುವ ಹಾಗಿಲ್ಲ. ಹೊಸ ಬೆಳೆಯ ಪ್ರಯೋಗ ಮಾಡಬೇಕೆನ್ನುವವನಿಗೆ ಕೈಕಾಲು ಕಟ್ಟಿದಂತೆ. ಬೇಲಿ ಹಾಕಿಕೊಳ್ಳಬೇಕು ಎನ್ನುವವರ ಮುಖ್ಯ ವಾದವೂ ಇದೇ ಆಗಿತ್ತು.

ಕೊನೆಗೆ ಬೇಲಿ ಬಂದೇ ಬಂತು. 1604ರಿಂದ 1914ರವರೆಗೆ ಬ್ರಿಟಿಷ್ ಪಾರ್ಲಿಮೆಂಟ್ 5,200ಕ್ಕೂ ಜಾಸ್ತಿ ಬೇಲಿ ಕಾಯ್ದೆಗಳನ್ನು ಮಾಡಿತು. ಸುಮಾರು 68 ಲಕ್ಷ ಎಕರೆ ಅದರಡಿ ಬಂತು. ಚದುರಿದ ಪಟ್ಟಿಗಳನ್ನು ಕೂಡಿಸಿ, ಒಬ್ಬೊಬ್ಬರಿಗೆ ಒಂದೊಂದು ಕಡೆ ಜಮೀನು ಕೊಟ್ಟರು. ದೊಡ್ಡ ಹಿಡುವಳಿಯವರಿಗೆ ಲಾಭವಾಯಿತು. ಗೋಮಾಳದಲ್ಲಿ ಒಂದು ಹಸು ಮೇಯಿಸಿಕೊಂಡು ಬದುಕುತ್ತಿದ್ದ ಬಡವ ಕೂಲಿಗೆ ಹೋದ.

ಲ್ಯಾಕ್ಸ್ಟನ್ ಹೇಗೆ ಉಳಿಯಿತು? ಪರಂಪರೆಯ ಮೇಲಿನ ಪ್ರೀತಿಯಿಂದ ಅಂತೂ ಅಲ್ಲ. 18ನೇ ಶತಮಾನದಲ್ಲಿ ಅಲ್ಲೂ ಒಂದಷ್ಟು ಭಾಗಕ್ಕೆ ಬೇಲಿ ಹಾಕಿದರು. ಆದರೆ ಊರಿನ ಜಮೀನು ಒಬ್ಬನ ಕೈಯಲ್ಲಿ ಇರಲಿಲ್ಲ. ಜಾಸ್ತಿ ಪಾಲು ಥೋರ್ಸ್‌ಬಿಯ ಮ್ಯಾನ್ವರ್ಸ್ ಅರ್ಲ್‌ಗಳದು (ಅರ್ಲ್ ಅಂದರೆ ಅಲ್ಲಿನ ಶ್ರೀಮಂತ ಮನೆತನದ ಪದವಿ), ಇನ್ನೊಂದು ಪಾಲು ಸ್ಕಾರ್ಬರೋ ಅರ್ಲ್‌ಗಳದು, ನಡುನಡುವೆ ಸಣ್ಣ ಹಿಡುವಳಿದಾರರು. ಒಬ್ಬರ ಪಟ್ಟಿ ಇನ್ನೊಬ್ಬರ ಪಟ್ಟಿಯ ಜೊತೆ ಹೆಣೆದುಕೊಂಡಿತ್ತು. ಅದಲುಬದಲಿಗೆ ಎಲ್ಲರೂ ಒಪ್ಪಬೇಕು, ಖರ್ಚೂ ಹಾಕಬೇಕು. ಅದು ಕೂಡಿಬರಲಿಲ್ಲ. 20ನೇ ಶತಮಾನದ ಶುರುವಿನಲ್ಲಿ ಸಣ್ಣ ಪಟ್ಟಿಗಳನ್ನು ಸೇರಿಸಿ ದೊಡ್ಡದು ಮಾಡಿದರು ಅಷ್ಟೇ.

ಊರಿನ ಬೀದಿಯಲ್ಲೇ ಇದರ ಗುರುತು ಕಾಣುತ್ತದೆ. ಬೇಲಿ ಬಂದ ಕಡೆ ರೈತರು ತಮ್ಮ ತಮ್ಮ ಹೊಲದ ನಡುವೆ ಮನೆ ಕಟ್ಟಿಕೊಂಡು ದೂರ ದೂರ ಹೋದರು. ಇಲ್ಲಿ ಹೊಲ ನಾಲ್ಕು ದಿಕ್ಕಿಗೂ ಹರಡಿರುವಾಗ ಎಲ್ಲಿಗೆ ಹೋಗುವುದು? ಹಾಗಾಗಿ ಕೆಂಪು ಇಟ್ಟಿಗೆಯ ಮನೆ, ಕಣಜ, ಕೊಟ್ಟಿಗೆ ಎಲ್ಲವೂ ಊರ ಬೀದಿಗೆ ಅಂಟಿಕೊಂಡೇ ಇವೆ. ಬಿಡಾಡಿ ದನ ಕೂಡುವ ದೊಡ್ಡಿಯೂ ಇದೆ.

ಹಳೆಯ ಪಟ್ಟಿಗಳೆಲ್ಲ ಎಲ್ಲೆಲ್ಲಿದ್ದವು ಎಂದು ಇವತ್ತಿಗೂ ಬೆರಳಿಟ್ಟು ತೋರಿಸಬಹುದು. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಊರನ್ನು ಅಳೆದು ನಕ್ಷೆ ಬರೆದ. ಒಂದೊಂದು ಪಟ್ಟಿಯೂ, ಅದು ಯಾರದು ಎಂಬುದೂ ದಾಖಲಾಗಿದೆ. ಉಳುವವರು, ಕೊಯ್ಯುವವರು, ಬೇಟೆಯವರು ಪುಟ್ಟ ಪುಟ್ಟ ಚಿತ್ರಗಳಲ್ಲಿ ಓಡಾಡುತ್ತಾರೆ. ನಕ್ಷೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ.

ಬರೆಸಿದವನು ಆಗ ಊರಿನ ಒಡೆಯನಾಗಿದ್ದ ಸರ್ ವಿಲಿಯಂ ಕೋರ್ಟೀನ್, ಲಂಡನ್ನಿನ ಭಾರಿ ವ್ಯಾಪಾರಿ. ಈ ಹೆಸರು ನಮ್ಮ ಕರಾವಳಿಯ ಚರಿತ್ರೆಯಲ್ಲೂ ಬರುತ್ತದೆ. ಅದೇ ವರ್ಷ ಅವನ ಕೂಟಕ್ಕೆ ಪೂರ್ವದೇಶಗಳ ಜೊತೆ ವ್ಯಾಪಾರ ಮಾಡಲು ಚಾರ್ಲ್ಸ್ ದೊರೆಯ ಅನುಮತಿ ಸಿಕ್ಕಿತು. ಆ ಕೂಟ ಕಳಿಸಿದ ಕಪ್ತಾನ ಜಾನ್ ವೆಡೆಲ್‌ನ ಹಡಗುಗಳು 1637ರಲ್ಲಿ ಭಟ್ಕಳಕ್ಕೆ ಬಂದವು. ಕಾಳುಮೆಣಸಿಗಾಗಿ ಅಲ್ಲಿ ಕೋಠಿ ಹಾಕಲು ಅವನ ಜನ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನನ್ನು ಕಂಡರು. ಜೊತೆಗಿದ್ದ ಪೀಟರ್ ಮಂಡಿ ಅದನ್ನೆಲ್ಲ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಇಷ್ಟಾಗುವಾಗ ಕೋರ್ಟೀನ್ ಬದುಕಿರಲಿಲ್ಲ. 1636ರಲ್ಲೇ ತೀರಿಕೊಂಡಿದ್ದ.

1952ರಲ್ಲಿ ಮ್ಯಾನ್ವರ್ಸ್ ಅರ್ಲ್ ತನ್ನ ಪಾಲನ್ನು ಸರ್ಕಾರದ ಕೃಷಿ ಇಲಾಖೆಗೆ ಮಾರಿದ, ಬಯಲು ಬೇಸಾಯ ಉಳಿಯಲಿ ಅಂತ. 1981ರಲ್ಲಿ ಅದು ರಾಜಮನೆತನದ ಹೆಸರಿನ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಕೈಗೆ ಹೋಯಿತು. ಅವರೂ 2018ರಲ್ಲಿ ಮಾರುತ್ತೇವೆ ಎಂದಾಗ ಊರಿಗೆ ದಿಗಿಲು. ಕೊನೆಗೆ 2020ರಲ್ಲಿ ಕೊಂಡವರು ಥೋರ್ಸ್‌ಬಿ ಎಸ್ಟೇಟಿನವರು, ಅಂದರೆ ಹಳೆಯ ಮನೆತನದ ಎಸ್ಟೇಟೇ.

ಒಡೆಯರು ಇಷ್ಟು ಬದಲಾದರೂ ಊರ ಕೋರ್ಟು ಬದಲಾಗಲಿಲ್ಲ. ಅದರ ಹೆಸರು ಕೋರ್ಟ್ ಲೀಟ್. 1977ರಲ್ಲಿ ಒಂದು ಕಾಯ್ದೆ ಇಂಥ ಹಳೆ ಕೋರ್ಟುಗಳ ಅಧಿಕಾರವನ್ನೆಲ್ಲ ಕಿತ್ತುಹಾಕಿತು, ಲ್ಯಾಕ್ಸ್ಟನ್ನಿನದನ್ನು ಮಾತ್ರ ಹೆಸರಿಟ್ಟು ಬಿಟ್ಟಿತು. ಕೋರ್ಟು ಸೇರುವುದು ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ. ಗೂಟ ಹೊಡೆದು ಬಂದವರು ತಪ್ಪು ಓದುತ್ತಾರೆ, ತಪ್ಪು ಮಾಡಿದವನೂ ಅಲ್ಲೇ ಕೂತಿರುತ್ತಾನೆ. ದಂಡ ಕೆಲವೇ ಪೌಂಡು. ಊರೆಲ್ಲರ ಎದುರು ಹೆಸರು ಓದಿಸಿಕೊಳ್ಳುವುದೇ ಜಾಸ್ತಿ ಚುರುಕು ಮುಟ್ಟಿಸುತ್ತದೆ ಅನ್ನಿಸುತ್ತದೆ. ಆಮೇಲೆ ಮುಂದಿನ ವರ್ಷ ಗೋಧಿ ಬರುವ ಬಯಲಿಗೆ ಗೂಟ ಹೊಡೆಯುವವರನ್ನು ಆರಿಸಿ, ಎಲ್ಲರೂ ಗ್ಲಾಸು ಎತ್ತುತ್ತಾರೆ.