ಹೆಸರು ಹೊರಗೆ, ಕಡತ ಒಳಗೆ: ಅಕ್ರಮ ಗರ್ಭಪಾತ ತನಿಖೆಯ ದಾಖಲೆಗಳ ಕಥೆ

ಅಕ್ರಮ ಗರ್ಭಪಾತದ ಪ್ರಕರಣವೊಂದು ಎಲ್ಲಿಗೆ ಬಂತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಠಾಣೆಯಿಂದ ಬರುವುದು ಬಹುತೇಕ ಎರಡು ಸಾಲಿನ ಹಿಂಬರಹ: ತನಿಖೆ ಪ್ರಗತಿಯಲ್ಲಿದೆ, ಕಲಂ 8(1)(ಎಚ್) ಅನ್ವಯ ಮಾಹಿತಿ ಕೊಡಲು ಬರುವುದಿಲ್ಲ. ಅಷ್ಟು ಹೊತ್ತಿಗೆ ಆ ಹೆಣ್ಣುಮಗಳ ಊರು, ಗಂಡನ ಹೆಸರು, ಎಷ್ಟನೇ ತಿಂಗಳಾಗಿತ್ತು ಎಂಬುದೆಲ್ಲ ಬಾಯಿಂದ ಬಾಯಿಗೆ ಹರಡಿರುತ್ತದೆ. ಜನರಿಗೆ ತಿಳಿಯಬೇಕಾದ್ದು ತನಿಖೆಯ ಜಾಡು, ಮುಚ್ಚಿಡಬೇಕಾದ್ದು ಆಕೆಯ ಗುರುತು. ಅದು ಹೀಗೆ ತಿರುಗುಮುರುಗಾಗಲು ದಾಖಲೆಗಳು ಹುಟ್ಟುವ ರೀತಿಯೇ ಕಾರಣ.

1860ರ ಭಾರತೀಯ ದಂಡ ಸಂಹಿತೆಯ 312ರಿಂದ 316ರವರೆಗಿನ ಕಲಂಗಳು ಗರ್ಭಪಾತವನ್ನು ಅಪರಾಧ ಎಂದವು. 312ರಡಿ, ತಾಯಿಯ ಜೀವ ಉಳಿಸಲು ಸದ್ಭಾವನೆಯಿಂದ ಮಾಡಿದ್ದು ಬಿಟ್ಟರೆ ಉಳಿದದ್ದೆಲ್ಲ ಶಿಕ್ಷಾರ್ಹ. ಅದರ ವಿವರಣೆ ಇನ್ನೂ ಕಠೋರ: ತಾನಾಗಿಯೇ ಗರ್ಭಪಾತ ಮಾಡಿಕೊಂಡ ಹೆಂಗಸೂ ಆರೋಪಿಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ 88ರಿಂದ 92ರವರೆಗಿನ ಕಲಂಗಳಾಗಿವೆ. ಆ ವಿವರಣೆಯೂ ಹಾಗೆಯೇ ಉಳಿದಿದೆ.

ಹಳೆಯ 312, ಈಗಿನ 88, ಅಸಂಜ್ಞೇಯ ಅಪರಾಧ. ಹೆಂಗಸಿನ ಒಪ್ಪಿಗೆಯಿಂದ ನಡೆದ ಗರ್ಭಪಾತದ ದೂರು ಬಂದರೆ ಪೊಲೀಸರು ಅದನ್ನು ಎನ್‌ಸಿಆರ್, ಅಂದರೆ ಅಸಂಜ್ಞೇಯ ದೂರುಗಳ, ಪುಸ್ತಕದಲ್ಲಿ ಬರೆದುಕೊಂಡು, ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಮೇಲಷ್ಟೇ ತನಿಖೆ ಮಾಡಬಹುದು. ಆ ಹಂತದಲ್ಲಿ ಎಫ್‌ಐಆರ್ ಇರುವುದೇ ಇಲ್ಲ. ಒಪ್ಪಿಗೆಯಿಲ್ಲದೆ ಮಾಡಿದ್ದು, ಹೆಂಗಸು ಸತ್ತದ್ದು ಸಂಜ್ಞೇಯ, ಅಂದರೆ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದು. ಆದರೆ ಸಾವಿನ ಪ್ರಕರಣ ಹಲವು ಸಲ ಮೊದಲು ಯುಡಿಆರ್ ಆಗಿ, ಅಂದರೆ ಅಸ್ವಾಭಾವಿಕ ಮರಣ ವರದಿಯಾಗಿ, ದಾಖಲಾಗುತ್ತದೆ. ಮರಣೋತ್ತರ ಪರೀಕ್ಷೆಯ ನಂತರ ಎಫ್‌ಐಆರ್ ಆದರೆ ಆಯಿತು. ಆಗದಿದ್ದರೆ ಆ ಸಾವಿನ ಕಾಗದ ಯುಡಿಆರ್ ಕಟ್ಟಿನಲ್ಲೇ ಉಳಿಯುತ್ತದೆ. ಎಫ್‌ಐಆರ್ ಪ್ರತಿ ಕೊಡಿ ಎಂದು ಮಾತ್ರ ಕೇಳಿದವರಿಗೆ ‘ಇಲ್ಲ’ ಎಂಬ ಉತ್ತರ ಬಂದರೆ, ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ, ಎಲ್ಲರೂ ಎಂಟಿಪಿ ಎನ್ನುವುದು, ಬಂತು. ಯಾರು, ಎಲ್ಲಿ, ಎಷ್ಟು ವಾರದೊಳಗೆ ಮಾಡಬಹುದು ಎಂಬುದನ್ನು ಅದು ಗೊತ್ತುಮಾಡಿತು. 2002ರ ತಿದ್ದುಪಡಿಯಿಂದ, ಅರ್ಹ ವೈದ್ಯರಲ್ಲದವರು ಮಾಡಿದರೆ ಅಥವಾ ಮಾನ್ಯತೆ ಇಲ್ಲದ ಜಾಗದಲ್ಲಿ ಮಾಡಿದರೆ 2ರಿಂದ 7 ವರ್ಷ ಕಠಿಣ ಸಜೆ. ದಾಖಲೆಯ ಗುಟ್ಟು ಕಾಯುವುದರಲ್ಲಿ 2003ರ ಎಂಟಿಪಿ ನಿಬಂಧನೆಗಳು ತೋರಿದ ಎಚ್ಚರ ಬೇರೆಲ್ಲೂ ಕಾಣುವುದಿಲ್ಲ. ಹೆಂಗಸಿನ ಹೆಸರು ಇರಬೇಕಾದ್ದು ದಾಖಲಾತಿ ರಿಜಿಸ್ಟರಿನಲ್ಲಿ ಮಾತ್ರ. ಕೇಸ್‌ಶೀಟ್, ಆಪರೇಷನ್ ಥಿಯೇಟರ್ ರಿಜಿಸ್ಟರ್, ಫಾಲೋ-ಅಪ್ ಕಾರ್ಡ್, ಎಲ್ಲ ಕಡೆ ಕ್ರಮಸಂಖ್ಯೆಯಷ್ಟೇ. ಒಪ್ಪಿಗೆ ಪತ್ರ ಮತ್ತು ವೈದ್ಯರ ಅಭಿಪ್ರಾಯ ಮೊಹರು ಮಾಡಿದ ಲಕೋಟೆಯೊಳಗೆ, ಮೇಲೆ ‘ರಹಸ್ಯ’ ಎಂಬ ಗುರುತು. ಕಾನೂನಿನ ಅಧಿಕಾರವಿಲ್ಲದೆ ಆ ರಿಜಿಸ್ಟರನ್ನು ಯಾರೂ ತೆರೆದು ನೋಡುವಂತಿಲ್ಲ. 2021ರಲ್ಲಿ ಸೇರಿದ 5ಎ ಕಲಂ ಪ್ರಕಾರ, ಗುರುತು ಬಯಲು ಮಾಡಿದ ವೈದ್ಯರಿಗೆ 1 ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಅಪ್ರಾಪ್ತೆಯ ಗರ್ಭಪಾತದಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ವರದಿ ಕೊಡುವಾಗ, ಆಕೆ ಮತ್ತು ಪೋಷಕರು ಕೋರಿದರೆ ವೈದ್ಯರು ಹೆಸರು ಹೇಳಬೇಕಿಲ್ಲ.

ಇಷ್ಟೆಲ್ಲ ಕಾವಲು ಇರುವುದು ಆಸ್ಪತ್ರೆಯ ಕಾಗದಕ್ಕೆ. ಅದೇ ವಿಷಯ ಪೊಲೀಸರ ಕಾಗದಕ್ಕೆ ಇಳಿದ ಕೂಡಲೇ ಕಾವಲು ಸಡಿಲವಾಗುತ್ತದೆ. ಅತ್ಯಾಚಾರ ಸಂತ್ರಸ್ತೆಯ ಹೆಸರು ಪ್ರಕಟಿಸುವುದು ಅಪರಾಧ. ಹಿಂದೆ ದಂಡ ಸಂಹಿತೆಯ 228ಎ, ಈಗ ನ್ಯಾಯ ಸಂಹಿತೆಯ 72 ಅದನ್ನು ಹೇಳುತ್ತದೆ. ಆದರೆ ಮದುವೆಯಾದ ಹೆಂಗಸನ್ನು ಮನೆಯವರು ಲಿಂಗಪತ್ತೆಗೆ ಎಳೆದೊಯ್ದು ಗರ್ಭ ತೆಗೆಸಿದ ಪ್ರಕರಣಕ್ಕೆ ಆ ಕಲಂ ತಾನಾಗಿ ಅನ್ವಯಿಸುವುದಿಲ್ಲ. ಎಫ್‌ಐಆರಿನಲ್ಲಿ ಹೆಸರಿನ ಅಂಕಣ ಖಾಲಿ ಬಿಟ್ಟರೂ ‘ಕೃತ್ಯದ ಸಾರಾಂಶ’ದಲ್ಲಿ ಗಂಡನ ಹೆಸರು, ಹಳ್ಳಿ, ಆಸ್ಪತ್ರೆಗೆ ಸೇರಿಸಿದ ದಿನಾಂಕ ಇರುತ್ತವೆ. ಮೂರನ್ನು ಕೂಡಿಸಿದರೆ ಊರಿನವರಿಗೆ ಯಾರೆಂದು ತಿಳಿಯಲು ಒಂದು ನಿಮಿಷ ಸಾಕು. ಸೋರಿಕೆ ಆಗುವ ಜಾಗವೇ ಇದು.

2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕು ಎಂದಿತು. ಸಂಪರ್ಕ ಕಷ್ಟವಿರುವ ಕಡೆ 72 ಗಂಟೆಯವರೆಗೆ ವಿನಾಯಿತಿ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ‘ಸೂಕ್ಷ್ಮ’ ಪ್ರಕರಣಗಳು ಹೊರತು. ಗರ್ಭಪಾತದ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಆದರೆ ಪಟ್ಟಿ ಕೇವಲ ಉದಾಹರಣೆ, ಸೂಕ್ಷ್ಮ ಎಂಬುದರಲ್ಲಿ ಖಾಸಗಿತನವೂ ಸೇರುತ್ತದೆ ಎಂದು ಕೋರ್ಟೇ ಹೇಳಿದೆ. ಏರಿಸಬಾರದು ಎಂಬ ತೀರ್ಮಾನ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರದ್ದಾಗಿರಬಾರದು. ಹಾಗಾಗಿ ಪ್ರತಿ ಪ್ರಕರಣವೂ ಒಬ್ಬ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಒಂದು ಕಡೆ ಪೂರ್ತಿ ಎಫ್‌ಐಆರ್ ತೆರೆದಿರಬಹುದು, ಇನ್ನೊಂದು ಕಡೆ ಕ್ರೈಂ ನಂಬರೂ ಸಿಗದಿರಬಹುದು. ಆರೋಪಪಟ್ಟಿಯ ಬಾಗಿಲನ್ನಂತೂ 2023ರ ಜನವರಿ 20ರ ಸೌರವ್ ದಾಸ್ ತೀರ್ಪು ಮುಚ್ಚಿತು: ಅದು ಸಾರ್ವಜನಿಕ ದಾಖಲೆಯಲ್ಲ, ಜಾಲತಾಣದಲ್ಲಿ ಹಾಕಬೇಕಿಲ್ಲ.

ಇನ್ನು ಲಿಂಗಪತ್ತೆ. ಭ್ರೂಣದ ಲಿಂಗಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ 28ನೇ ಕಲಂ ಪ್ರಕಾರ ಕೋರ್ಟು ಕೇಸು ಕೈಗೆತ್ತಿಕೊಳ್ಳುವುದು ಸಕ್ಷಮ ಪ್ರಾಧಿಕಾರ ಅಥವಾ ಅದು ಅಧಿಕಾರ ಕೊಟ್ಟವರು ದೂರಿತ್ತರೆ. 15 ದಿನಗಳ ನೋಟಿಸ್ ಕೊಟ್ಟು ಖಾಸಗಿ ವ್ಯಕ್ತಿಯೂ ಹೋಗಬಹುದು. 2014ರಲ್ಲಿ ಸೇರಿದ 18ಎ ನಿಯಮವಂತೂ ಸಾಧ್ಯವಾದಷ್ಟು ಪೊಲೀಸರನ್ನು ತನಿಖೆಗೆ ಎಳೆಯಬೇಡಿ ಎಂದೇ ಪ್ರಾಧಿಕಾರಗಳಿಗೆ ಹೇಳುತ್ತದೆ. ಆದ್ದರಿಂದ ಸ್ಕ್ಯಾನಿಂಗ್ ಕೇಂದ್ರದ ತಪಾಸಣೆ, ಮಹಜರು, ಯಂತ್ರದ ಜಪ್ತಿ, ಸ್ಕ್ಯಾನ್ ಆದ ಗರ್ಭಿಣಿಯರ ವಿವರವಿರುವ ಎಫ್ ನಮೂನೆಗಳು ಆರೋಗ್ಯ ಇಲಾಖೆಯ ಕಡತದಲ್ಲಿರುತ್ತವೆ, ಠಾಣೆಯಲ್ಲಲ್ಲ.

2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ಏಳು ಭ್ರೂಣ ಸಿಕ್ಕಾಗ ಆರೋಗ್ಯ ಇಲಾಖೆಯೂ ಪೊಲೀಸರೂ ಒಟ್ಟಿಗೆ ಇಳಿಯಬೇಕಾಯಿತು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡುತ್ತಿತ್ತು. ಆಮೇಲೆ ಸರ್ಕಾರ ತನಿಖೆಯನ್ನು ಸಿಐಡಿಗೆ ಕೊಟ್ಟಿತು. ಇಂಥ ಕಡೆ ಒಂದೇ ಕೃತ್ಯದ ಕಾಗದ ಠಾಣೆ, ಸಿಐಡಿ, ಆರೋಗ್ಯ ಇಲಾಖೆ, ನ್ಯಾಯಾಲಯ ಎಂದು ನಾಲ್ಕು ಕಡೆ ಹಂಚಿಹೋಗುತ್ತದೆ. ಒಂದೇ ಕಚೇರಿಗೆ ‘ಎಲ್ಲ ದಾಖಲೆ ಕೊಡಿ’ ಎಂದು ಬರೆದ ಅರ್ಜಿ ಸೋಲುವುದು ಇಲ್ಲೇ.

ಸೋಲದಂತೆ ಬರೆಯಲು ದಾರಿ ಇದೆ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ. ಜಿಲ್ಲಾ ಪೊಲೀಸ್ ಕಚೇರಿಗೆ ಮೊದಲ ಅರ್ಜಿ: ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ 312–316, 88–92, ಎಂಟಿಪಿ ಕಲಂ 5ರಡಿ ಠಾಣಾವಾರು ಕ್ರೈಂ ನಂಬರ್, ದಿನಾಂಕ, ಕಲಂ, ಈಗಿನ ಹಂತ. ಹಂತ ಎಂದರೆ ತನಿಖೆಯಲ್ಲಿ, ಆರೋಪಪಟ್ಟಿ, ಬಿ ರಿಪೋರ್ಟ್ (ಪ್ರಕರಣ ಮುಚ್ಚುವ ವರದಿ) ಎಂದು ಬಿಡಿಸಿ ಬರೆಯಿರಿ. ಎನ್‌ಸಿಆರ್ ಮತ್ತು ಯುಡಿಆರ್ ಸಂಖ್ಯೆಗಳನ್ನು ಹೆಸರಿಸಿ ಕೇಳಿ. ‘ಹೆಸರು, ವಿಳಾಸ, ಗುರುತು ಹಿಡಿಯಬಹುದಾದ ವಿವರಗಳನ್ನು ಕಲಂ 10ರಂತೆ ಅಳಿಸಿ ಕೊಡಿ’ ಎಂಬ ಸಾಲನ್ನು ನೀವೇ ಸೇರಿಸಿ. ಆಕೆಗೆ ರಕ್ಷಣೆ, ಜೊತೆಗೆ ನಿರಾಕರಣೆಗೆ ಒಂದು ನೆಪ ಕಡಿಮೆ. ಪಿಸಿಪಿಎನ್‌ಡಿಟಿ ಪ್ರಾಧಿಕಾರಕ್ಕೆ ಬೇರೆಯೇ ಅರ್ಜಿ ಹಾಕಿ. ಆರೋಪಪಟ್ಟಿ ಸಲ್ಲಿಕೆಯಾಗಿದ್ದರೆ ಠಾಣೆ ಮತ್ತು ಎಫ್‌ಐಆರ್ ಸಂಖ್ಯೆ ಕೊಟ್ಟು ನ್ಯಾಯಾಲಯಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಮುಂದಿನ ದಿನಾಂಕ ನೋಡಬಹುದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) ವಾರ್ಷಿಕ ಅಂಕಿಗಳನ್ನು ಇದಕ್ಕೆ ನೆಚ್ಚಬೇಡಿ. ಒಂದು ಎಫ್‌ಐಆರಿನಲ್ಲಿ ಹಲವು ಕಲಂ ಇದ್ದರೆ ಅತಿ ಗಂಭೀರವಾದದ್ದೊಂದೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

8(1)(ಎಚ್) ಹಿಂಬರಹ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ. ತನಿಖೆ ನಡೆಯುತ್ತಿದೆ ಎಂಬುದೊಂದೇ ಕಾರಣ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಎಂದು ಅಧಿಕಾರಿ ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರ ಭಗತ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ಅದನ್ನು ಉಲ್ಲೇಖಿಸಿ. ಆದರೆ ತನಿಖಾಧಿಕಾರಿ ಬರೆಯುವ ಕೇಸ್ ಡೈರಿಯನ್ನು ಕೇಳಬೇಡಿ, ಅದನ್ನು ಆರೋಪಿಯೇ ತರಿಸಿ ನೋಡುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ)ಯನ್ನು ಬಿಗಿಗೊಳಿಸಿ, ವೈಯಕ್ತಿಕ ಮಾಹಿತಿ ಎಂದಷ್ಟೇ ಹೇಳಿ ನಿರಾಕರಿಸಲು ದಾರಿ ಮಾಡಿಕೊಟ್ಟಿದೆ. ಆರೋಪಿ ವೈದ್ಯರ ನೋಂದಣಿ ರದ್ದಾಯಿತೇ ಎಂಬ ಪ್ರಶ್ನೆಗೂ ಈಗ ಈ ಉತ್ತರ ಬರಬಹುದು. ಅಂಥಲ್ಲಿ ಸಾರ್ವಜನಿಕ ಹಿತದ 8(2) ಕಲಂ ಇನ್ನೂ ಇದೆ, ಮೇಲ್ಮನವಿಯಲ್ಲಿ ಅದನ್ನೇ ಹಿಡಿಯಬೇಕು.

ದಿನಗಳ ಮೇಲೆ ಕಣ್ಣಿರಲಿ. ಎಫ್ ನಮೂನೆ ಇಟ್ಟುಕೊಳ್ಳಬೇಕಾದ್ದು 2 ವರ್ಷ, ಎಂಟಿಪಿ ಕಾಗದ 3 ವರ್ಷ, ದಾಖಲಾತಿ ರಿಜಿಸ್ಟರ್ 5 ವರ್ಷ. ಕೇಸು ಬಾಕಿ ಇದ್ದರೆ ಮಾತ್ರ ನಾಶ ಮಾಡುವಂತಿಲ್ಲ. ಎರಡನೇ ಮೇಲ್ಮನವಿ ಮಾಹಿತಿ ಆಯೋಗದ ಮುಂದೆ ಬರುವಷ್ಟರಲ್ಲಿ ಆ ಅವಧಿ ಕಳೆದುಹೋಗಬಹುದು. ಆದ್ದರಿಂದ ಮೊದಲ ಅರ್ಜಿಯಲ್ಲೇ ಕಾಗದ ಯಾವ ಕಚೇರಿಯಲ್ಲಿದೆ, ಯಾವಾಗ ನಾಶಕ್ಕೆ ಬರುತ್ತದೆ ಎಂದು ಕೇಳಿಟ್ಟುಕೊಳ್ಳಬೇಕು.