ನಾಲ್ಕು ವರ್ಷ ಕಾಯಿಸಿದ ಪುಟ್ಟ ಡಬ್ಬಿ: ಮ್ಯಾಕ್ ಮಿನಿಯ ಹಿಂದಿನ ಕತೆ

ಕಂಪ್ಯೂಟರ್ ಹಳೆಯದಾಯಿತು ಅಂತ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ಎಲ್ಲಾ ಕಂಪ್ಯೂಟರೂ ಒಂದಲ್ಲ ಒಂದು ದಿನ ಹಳೆಯದಾಗುತ್ತದೆ. ಆದರೆ ವರ್ಷಗಳ ಹಿಂದಿನ ಯಂತ್ರವನ್ನು ಅದೇ ಬೆಲೆಗೆ, ಹೊಸ ಪೆಟ್ಟಿಗೆಯಲ್ಲಿಟ್ಟು ಮಾರುತ್ತಲೇ ಇದ್ದರೆ ಕೋಪ ಬರುತ್ತದೆ, ಅಲ್ವಾ? 2014ರ ಅಕ್ಟೋಬರ್‌ನಿಂದ 2018ರ ಅಕ್ಟೋಬರ್‌ವರೆಗೆ ಆಪಲ್‌ನ ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್ ಮ್ಯಾಕ್ ಮಿನಿ ಹೀಗೇ ಇತ್ತು. 499 ಡಾಲರ್ ಕೊಟ್ಟರೆ 1.4 ಗಿಗಾಹರ್ಟ್ಸ್‌ನ ಎರಡು ಕೋರ್ (ಲೆಕ್ಕ ಮಾಡುವ ಘಟಕ) ಪ್ರೊಸೆಸರ್, 4 ಜಿಬಿ ರ್‍ಯಾಮ್, ತಿರುಗುವ 500 ಜಿಬಿ ಹಾರ್ಡ್‌ಡಿಸ್ಕ್. ಬಿಡುಗಡೆಯಾದ ದಿನ ಇಷ್ಟು. ನಾಲ್ಕನೇ ವರ್ಷದಲ್ಲೂ ಇಷ್ಟೇ.

ಈ ಸಿಟ್ಟಿಗೆ ಬರೀ ಕಾಯುವಿಕೆ ಕಾರಣ ಅಂದುಕೊಂಡರೆ ಅರ್ಧ ಮಾತ್ರ ಗೊತ್ತಾದಂತೆ. ಉಳಿದರ್ಧ ಗೊತ್ತಾಗಬೇಕಾದರೆ ಶುರುವಿಗೆ ಹೋಗಬೇಕು.

ಚಿಕ್ಕ ಮ್ಯಾಕ್ ಮಾಡುವ ಪ್ರಯತ್ನವನ್ನು ಆಪಲ್ ಮಿನಿಗೂ ಮೊದಲು ಒಮ್ಮೆ ಮಾಡಿತ್ತು. 2000ದಲ್ಲಿ ಬಂದ ಪವರ್ ಮ್ಯಾಕ್ ಜಿ4 ಕ್ಯೂಬ್ ನೋಡಲು ಬಹಳ ಚೆನ್ನಾಗಿತ್ತು, ಆದರೆ ಬೆಲೆ 1,799 ಡಾಲರ್. ಒಂದೇ ವರ್ಷದಲ್ಲಿ ತಯಾರಿಕೆ ನಿಂತಿತು. 2005ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮ್ಯಾಕ್ ಮಿನಿಯನ್ನು ತೋರಿಸಿದಾಗ ಲೆಕ್ಕ ಪೂರ್ತಿ ಬದಲಾಗಿತ್ತು. 499 ಡಾಲರ್, ಹದಿನಾರೂವರೆ ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಎತ್ತರ, ಒಂದು ಕಿಲೋ ಮುನ್ನೂರು ಗ್ರಾಂ ತೂಕ. ಮಾನಿಟರ್, ಕೀಬೋರ್ಡ್, ಮೌಸ್ ಯಾವುದೂ ಜೊತೆಗೆ ಬರುವುದಿಲ್ಲ, ನಿಮ್ಮ ಹತ್ತಿರ ಇರುವುದನ್ನೇ ಸಿಕ್ಕಿಸಿಕೊಳ್ಳಿ ಅಂತ ಕಂಪನಿಯೇ ಹೇಳಿತು. ವಿಂಡೋಸ್ ಬಳಸುತ್ತಿದ್ದವರು, ಐಪಾಡ್ ಕೊಂಡು ಆಪಲ್ ಮೇಲೆ ಕುತೂಹಲ ಹುಟ್ಟಿದವರು ಕಡಿಮೆ ಖರ್ಚಿನಲ್ಲಿ ಒಳಗೆ ಬರಲಿ ಎಂಬುದು ಉದ್ದೇಶ.

ಆ ಮೊದಲ ಮಿನಿಯಲ್ಲಿ ಇದ್ದದ್ದು 256 ಎಂಬಿ ರ್‍ಯಾಮ್. ಅದು ಸಾಕಾಗುತ್ತಿರಲಿಲ್ಲ. ಒಳಗೆ ಒಂದೇ ಸ್ಲಾಟ್, ಮುಚ್ಚಳಕ್ಕೆ ಹೊರಗೆ ಒಂದು ಸ್ಕ್ರೂ ಕೂಡ ಇಲ್ಲ. ಹಾಗಾಗಿ ಪೇಂಟರ್‌ಗಳು ಗೋಡೆಗೆ ಪುಟ್ಟಿ ಹಚ್ಚುವ ತೆಳ್ಳನೆಯ ಬ್ಲೇಡನ್ನು ಅಂಚಿಗೆ ತೂರಿಸಿ ಜನ ಅದನ್ನು ಬಿಚ್ಚುತ್ತಿದ್ದರು. ಮೊದಲ ಸಲ ಆ ಪ್ಲಾಸ್ಟಿಕ್ ಕೊಕ್ಕೆಗಳು ಟಕ್ ಟಕ್ ಅಂತ ಬಿಡುವಾಗ ಎದೆ ನಡುಗುತ್ತಿತ್ತು ಅಂತ ಬಿಚ್ಚಿದವರೆಲ್ಲ ಹೇಳುತ್ತಾರೆ. ಆದರೂ ಬಿಚ್ಚಿದರು, ರ್‍ಯಾಮ್ ಹಾಕಿದರು, ಹಾರ್ಡ್‌ಡಿಸ್ಕ್ ಬದಲಿಸಿದರು. ಮಿನಿ ಜೊತೆಗಿನ ನಂಟು ಬೆಳೆದದ್ದೇ ಹೀಗೆ: ಕಡಿಮೆಗೆ ಕೊಳ್ಳು, ದುಡ್ಡಾದಾಗ ಒಂದೊಂದೇ ಸೇರಿಸು, ವರ್ಷಗಟ್ಟಲೆ ದುಡಿಸಿಕೋ.

2006ರಲ್ಲಿ ಇಂಟೆಲ್ ಚಿಪ್ ಬಂತು, 2007ರ ಆಗಸ್ಟ್‌ನಲ್ಲಿ ಇನ್ನೊಂದು ಸಣ್ಣ ಬದಲಾವಣೆ. ಮಿನಿಯನ್ನು ಆಪಲ್ ನಿಲ್ಲಿಸಿಬಿಡುತ್ತದೆ ಎಂಬ ಸುದ್ದಿ ಆ ವರ್ಷವೇ ಹಬ್ಬಿತ್ತು. ಆಮೇಲೆ 2009ರ ಮಾರ್ಚ್‌ವರೆಗೆ, ಹೆಚ್ಚುಕಡಿಮೆ ಹತ್ತೊಂಬತ್ತು ತಿಂಗಳು, ಏನೂ ಇಲ್ಲ. ಅಂದರೆ ಮರೆಯುವ ಅಭ್ಯಾಸ ಬಹಳ ಹಿಂದೆಯೇ ಶುರುವಾಗಿತ್ತು.

ಮಿನಿಯ ಒಳ್ಳೆಯ ಕಾಲ ಅಂದರೆ 2010ರಿಂದ 2012. ಅಲ್ಯೂಮಿನಿಯಂ ಮೈ ಬಂತು, ಪವರ್ ಸಪ್ಲೈ ಡಬ್ಬಿಯ ಒಳಗೇ ಸೇರಿತು, ಟಿವಿಗೆ ಜೋಡಿಸುವ ಎಚ್‌ಡಿಎಂಐ ಬಂತು. ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ತಳದಲ್ಲಿದ್ದ ಕಪ್ಪು ಗುಂಡು ಮುಚ್ಚಳ. ಎರಡು ಹೆಬ್ಬೆರಳಿಟ್ಟು ತಿರುಗಿಸಿದರೆ ತೆರೆದುಕೊಳ್ಳುತ್ತದೆ, ರ್‍ಯಾಮ್ ಕಣ್ಣೆದುರಿಗೇ ಇರುತ್ತದೆ, ಎರಡು ನಿಮಿಷದ ಕೆಲಸ. ಬ್ಲೇಡ್ ತೂರಿಸುವ ಕಷ್ಟವನ್ನು ಯಾರೋ ಅರ್ಥಮಾಡಿಕೊಂಡು ಮಾಡಿದ ವಿನ್ಯಾಸ ಅದು. 2012ರಲ್ಲಿ 799 ಡಾಲರ್‌ಗೆ ನಾಲ್ಕು ಕೋರ್‌ಗಳ ಇಂಟೆಲ್ ಐ7 ಪ್ರೊಸೆಸರ್‌ನ ಮಿನಿ ಸಿಕ್ಕಿತು, ರ್‍ಯಾಮನ್ನು 16 ಜಿಬಿಗೆ ಏರಿಸಬಹುದಿತ್ತು. ಐಫೋನ್ ಆ್ಯಪ್ ಬರೆಯುವವರಿಗೆ ಆಪಲ್‌ನ ಎಕ್ಸ್‌ಕೋಡ್ ಎಂಬ ತಂತ್ರಾಂಶ ಬೇಕು, ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ, ಹಾಗಾಗಿ ಅವರಿಗೆ ಇದು ಕೈಗೆಟಕುವ ದಾರಿ. ಡೇಟಾ ಸೆಂಟರ್‌ಗಳಲ್ಲಿ ಮಿನಿಗಳನ್ನು ಸಾಲಾಗಿ ಜೋಡಿಸಿ ಸರ್ವರ್ ಮಾಡಿಕೊಂಡರು. ಮನೆಗಳಲ್ಲಿ ಟಿವಿ ಹಿಂದೆ ಇಟ್ಟುಕೊಂಡರು.

ಆಮೇಲೆ 2014 ಬಂತು. ಎರಡು ವರ್ಷ ಕಾದವರ ಕೈಗೆ ಸಿಕ್ಕಿದ್ದು ಎರಡೇ ಕೋರ್‌ಗಳ ಮಿನಿ. ಎಷ್ಟು ದುಡ್ಡು ಕೊಟ್ಟರೂ ನಾಲ್ಕು ಕೋರ್ ಇಲ್ಲ. ರ್‍ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದರು. ಗುಂಡು ಮುಚ್ಚಳ ಹಾಗೇ ಇತ್ತು, ಆದರೆ ಅದರ ಕೆಳಗೆ ವಿಶೇಷ ಸ್ಕ್ರೂಗಳಿಂದ ಬಿಗಿದ ಇನ್ನೊಂದು ತಗಡು. ಹಲವು ಕೋರ್‌ಗಳು ಒಟ್ಟಿಗೆ ದುಡಿಯಬೇಕಾದ ಕೆಲಸಗಳಲ್ಲಿ ಹೊಸ ಮಿನಿ 2012ರ ನಾಲ್ಕು ಕೋರ್ ಮಿನಿಗಿಂತ ತುಂಬಾ ಹಿಂದೆ ಬಿತ್ತು. ಆಗ ಕೇಳಿಬಂದ ಒಂದು ವಿವರಣೆ ಹೀಗಿದೆ: ಇಂಟೆಲ್‌ನ ಹ್ಯಾಸ್‌ವೆಲ್ ತಲೆಮಾರಿನಲ್ಲಿ ಲ್ಯಾಪ್‌ಟಾಪ್ ವರ್ಗದ ಎರಡು ಕೋರ್ ಮತ್ತು ನಾಲ್ಕು ಕೋರ್ ಚಿಪ್‌ಗಳು ಬೋರ್ಡಿನ ಒಂದೇ ಜಾಗದಲ್ಲಿ ಕೂರುತ್ತಿರಲಿಲ್ಲ, ಹಿಂದಿನ ತಲೆಮಾರಿನಲ್ಲಿ ಕೂರುತ್ತಿದ್ದವು. ಎರಡನ್ನೂ ಕೊಡಬೇಕಾದರೆ ಎರಡು ಬೇರೆ ಬೋರ್ಡ್ ಮಾಡಬೇಕಿತ್ತು. ಲ್ಯಾಪ್‌ಟಾಪ್‌ಗಳಿಗೆ ಆಪಲ್ ಆ ಕಷ್ಟ ಪಟ್ಟಿತು. ಮಿನಿಗೆ ಪಡಲಿಲ್ಲ.

ಜನ ಏನು ಮಾಡಿದರು ಗೊತ್ತಾ? ಹಳೆಯ 2012ರ ನಾಲ್ಕು ಕೋರ್ ಮಿನಿ ಹುಡುಕಲು ಹೊರಟರು. ಬಳಸಿದ ಕಂಪ್ಯೂಟರ್‌ನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯಬೇಕು, ಇದರ ಬೆಲೆ ಇಳಿಯಲೊಪ್ಪಲಿಲ್ಲ. ಕಂಪನಿ ಬೇರೆ ಯಾವ ಸಮೀಕ್ಷೆಯನ್ನೂ ಮಾಡಬೇಕಿರಲಿಲ್ಲ, ಇದೊಂದನ್ನು ನೋಡಿದ್ದರೆ ಸಾಕಿತ್ತು.

2014ರ ತಪ್ಪಿನಲ್ಲಿ ಇಂಟೆಲ್‌ಗೂ ಸ್ವಲ್ಪ ಪಾಲಿದೆ. ಮುಂದಿನ ಬ್ರಾಡ್‌ವೆಲ್ ಚಿಪ್‌ಗಳು ತಡವಾಗಿದ್ದವು. ಆದರೆ ಅದಾದ ಮೇಲಿನ ನಾಲ್ಕು ವರ್ಷಕ್ಕೆ ಆ ನೆಪ ನಿಲ್ಲುವುದಿಲ್ಲ. 2015ರಲ್ಲಿ ಸ್ಕೈಲೇಕ್ ಬಂತು, ಆಮೇಲೆ ಕೇಬಿ ಲೇಕ್ ಬಂತು, ಆಪಲ್ ತನ್ನ ಐಮ್ಯಾಕ್‌ಗೂ ಮ್ಯಾಕ್‌ಬುಕ್ ಪ್ರೋಗೂ ಅವನ್ನೇ ಹಾಕಿತು. ಅಂಗೈಯಷ್ಟು ದೊಡ್ಡ ಎನ್‌ಯುಸಿ ಕಂಪ್ಯೂಟರ್‌ಗಳಲ್ಲಿ ಇಂಟೆಲ್ ಕೂಡ ತಲೆಮಾರಿಗೊಮ್ಮೆ ಹೊಸ ಚಿಪ್ ಕೂರಿಸುತ್ತಿತ್ತು. ಚಿಪ್ ಇತ್ತು, ಡಬ್ಬಿ ಇತ್ತು, ಕೊಳ್ಳಲು ಜನ ಇದ್ದರು. ನನಗೆ ಕಾಣುವ ಕಾರಣ ಒಂದೇ, ಅದರ ಕಡೆ ಯಾರೂ ನೋಡುತ್ತಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ಆಪಲ್ ಕೆಲವೇ ಪತ್ರಕರ್ತರನ್ನು ಕರೆದು ತನ್ನ ದುಬಾರಿ ಡೆಸ್ಕ್‌ಟಾಪ್ ಮ್ಯಾಕ್ ಪ್ರೋ ವಿಷಯದಲ್ಲಿ ತಪ್ಪಾಯಿತು ಎಂದು ಒಪ್ಪಿಕೊಂಡಿತು. ಮಾರಾಟವಾಗುವ ಮ್ಯಾಕ್‌ಗಳಲ್ಲಿ ಸುಮಾರು ಶೇ 80 ಲ್ಯಾಪ್‌ಟಾಪ್ ಎಂಬ ಲೆಕ್ಕವೂ ಅಲ್ಲೇ ಹೊರಬಂತು. ಉಳಿದ ಶೇ 20ರಲ್ಲಿ ಐಮ್ಯಾಕ್‌ಗೆ ದೊಡ್ಡ ಪಾಲು. ಮಿನಿ ಬಗ್ಗೆ ಕೇಳಿದಾಗ ಆಪಲ್‌ನ ಆಗಿನ ಮಾರ್ಕೆಟಿಂಗ್ ಮುಖ್ಯಸ್ಥ ಫಿಲ್ ಶಿಲ್ಲರ್ ಅದೊಂದು ಮುಖ್ಯ ಉತ್ಪನ್ನ ಎಂದಷ್ಟೇ ಹೇಳಿದರು. ಅದೇ ವರ್ಷ ಗ್ರಾಹಕರೊಬ್ಬರ ಇಮೇಲ್‌ಗೆ ಆಗಿನ ಸಿಇಒ ಟಿಮ್ ಕುಕ್ ಕೊಟ್ಟ ಉತ್ತರದಲ್ಲೂ ದಿನಾಂಕ ಇರಲಿಲ್ಲ, ಮುಂದೆಯೂ ಅದು ಮುಖ್ಯವಾಗಿರುತ್ತದೆ ಎಂಬ ಭರವಸೆ ಮಾತ್ರ ಇತ್ತು.

ಹೀಗೆ ಕಾಯುವುದು ಯಾಕೆ ಇಷ್ಟು ಕಷ್ಟ ಅಂದರೆ, ಕೊಳ್ಳಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಇವತ್ತು ಕೊಂಡರೆ ಮುಂದಿನ ತಿಂಗಳು ಹೊಸದು ಬಂದೀತು. ಕಾದರೆ ಇನ್ನೊಂದು ವರ್ಷ ಹೋದೀತು. ನಿಲ್ಲಿಸುತ್ತೇವೆ ಅಂತ ಕಂಪನಿ ಹೇಳಿದ್ದರೆ ಜನ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಅದನ್ನೂ ಹೇಳದೆ, ಬೆಲೆಯನ್ನೂ ಇಳಿಸದೆ ಸುಮ್ನೆ ಇದ್ದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

2018ರ ಅಕ್ಟೋಬರ್ 30ರಂದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಹೊಸ ಮಿನಿ ಬಂದಾಗ ಸಭಾಂಗಣದಲ್ಲಿ ದೊಡ್ಡ ಚಪ್ಪಾಳೆ ಬಿತ್ತು. ಗಾಢ ಬೂದು ಬಣ್ಣ, ಆರು ಕೋರ್‌ವರೆಗಿನ ಪ್ರೊಸೆಸರ್, 64 ಜಿಬಿವರೆಗೆ ರ್‍ಯಾಮ್, ಅದೂ ಬೆಸುಗೆ ಇಲ್ಲದೆ ಸ್ಲಾಟ್‌ನಲ್ಲಿ. ಕಳೆದುಕೊಂಡದ್ದು ಬಹುಪಾಲು ವಾಪಸ್ ಸಿಕ್ಕಿತು. ಆದರೆ ಆರಂಭದ ಬೆಲೆ 799 ಡಾಲರ್ ಆಗಿತ್ತು, ಅದಕ್ಕೆ ಸಿಗುತ್ತಿದ್ದದ್ದು 128 ಜಿಬಿ ಜಾಗ. ಕಡಿಮೆ ದುಡ್ಡಿನವರ ಮ್ಯಾಕ್ ಎಂಬ ಹೆಸರು ಅಲ್ಲಿಗೆ ಹೋಯಿತು.

ಆ ಹೆಸರನ್ನು ವಾಪಸ್ ತಂದದ್ದು ಆಪಲ್‌ನ ಸ್ವಂತ ಚಿಪ್. 2020ರ ಜೂನ್‌ನಲ್ಲಿ ಇಂಟೆಲ್ ಬಿಡುವುದಾಗಿ ಹೇಳಿದಾಗ ಡೆವಲಪರ್‌ಗಳಿಗೆ ಪರೀಕ್ಷೆಗೆಂದು ಕೊಟ್ಟದ್ದು ಮಿನಿಯ ಡಬ್ಬಿಯಲ್ಲಿ ಐಪ್ಯಾಡ್‌ನ ಎ12ಝಡ್ ಚಿಪ್ ಕೂರಿಸಿದ ಯಂತ್ರವನ್ನು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಡಬ್ಬಿಯೇ ಈ ದೊಡ್ಡ ಬದಲಾವಣೆಯಲ್ಲಿ ಮುಂದೆ ನಿಂತಿತು. ನವೆಂಬರ್‌ನಲ್ಲಿ ಆಪಲ್‌ನ ಎಂ1 ಚಿಪ್‌ನ ಮಿನಿ 699 ಡಾಲರ್‌ಗೆ ಬಂತು, 2023ರ ಜನವರಿಯಲ್ಲಿ ಎಂ2 ಮಿನಿ 599ಕ್ಕೆ. ಎಂ3 ಮಿನಿಗೆ ಬರಲೇ ಇಲ್ಲ, ಆಗ ಮತ್ತೆ ಹಳೆಯ ಭಯ ಮರುಕಳಿಸಿತ್ತು. 2024ರ ಅಕ್ಟೋಬರ್‌ನಲ್ಲಿ ಎಂ4 ಜೊತೆಗೆ ಡಬ್ಬಿಯೂ ಬದಲಾಯಿತು: 12.7 ಸೆಂಟಿಮೀಟರ್ ಅಗಲ, 16 ಜಿಬಿ ರ್‍ಯಾಮ್, ಬೆಲೆ ಅದೇ 599. 2010ರಿಂದ ಹದಿನಾಲ್ಕು ವರ್ಷ ಮಿನಿಯ ಹೊರಮೈ ಅಗಲ ಬದಲಾಗಿರಲಿಲ್ಲ.

ರ್‍ಯಾಮ್ ಮಾತ್ರ ಎಂ1ರಿಂದ ಈಚೆಗೆ ಮತ್ತೆ ಕೈಗೆ ಸಿಗುವುದಿಲ್ಲ, ಅದು ಚಿಪ್‌ನ ಜೊತೆಗೇ ಇರುತ್ತದೆ. ಇದರಿಂದ ವೇಗ ಹೆಚ್ಚಾಯಿತು, ನಿಜ. ಆದರೆ ಐದು ವರ್ಷ ಆದಮೇಲೆ ಎಷ್ಟು ಬೇಕಾಗುತ್ತದೆ ಎಂಬುದನ್ನು ಕೊಳ್ಳುವ ದಿನವೇ ಊಹಿಸಿ ದುಡ್ಡು ಕಟ್ಟಬೇಕು. 2012ರ ಮಿನಿಗೆ ಆಪಲ್ ಕೊಟ್ಟ ಕೊನೆಯ ಮ್ಯಾಕ್‌ಓಎಸ್ (ಮ್ಯಾಕ್ ಓಡಿಸುವ ಮೂಲ ತಂತ್ರಾಂಶ) ಆವೃತ್ತಿ ಎಂದರೆ 2019ರ ಕ್ಯಾಟಲಿನಾ. ಅದಾದ ಮೇಲೂ ರ್‍ಯಾಮ್ 16 ಜಿಬಿಗೆ ಏರಿಸಿ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಮ್ಯಾಕ್‌ಓಎಸ್ ಬದಲು ಲಿನಕ್ಸ್ ತುಂಬಿ ಜನ ಅದನ್ನು ಮನೆಯ ಸರ್ವರ್ ಆಗಿ ಓಡಿಸುತ್ತಾ ಬಂದಿದ್ದಾರೆ.