ಮುಂಗೈಗೆ ತೊಡೆಯ ಚರ್ಮ ತರುವುದೇಕೆ?

ಆಲೆಮನೆಯ ಗಾಣಕ್ಕೆ ಸಿಕ್ಕ ಮುಂಗೈಯ ಗಾಯ ಮೊದಲ ದಿನ ಕಂಡಷ್ಟೇ ಇರುವುದಿಲ್ಲ. ರೋಲರ್‌ಗಳು ಚರ್ಮವನ್ನು ಅಡಿಯಿಂದ ಬಿಡಿಸಿ ಎಳೆದಿರುತ್ತವೆ. ಮೇಲೆ ಚೆನ್ನಾಗಿ ಕಂಡರೂ ಒಳಗೆ ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಹರಿದಿರುತ್ತವೆ. ಅದನ್ನೇ ಎಳೆದು ಹೊಲಿದರೆ ಕೆಲವೇ ದಿನಗಳಲ್ಲಿ ಕಪ್ಪಾಗಿ, ಅಡಿಯಲ್ಲಿ ಕೀವು ತುಂಬುತ್ತದೆ.

ತೆಳು ಚರ್ಮದ ಗ್ರಾಫ್ಟ್ ಅಂಟಿಸಿದರೆ ಸಾಲದೇ ಎಂದು ಮನೆಯವರು ಕೇಳುತ್ತಾರೆ. ಮಾಂಸಖಂಡದ ಮೇಲಾದರೆ ಸಾಕು. ಪೊರೆ ಕಳೆದುಕೊಂಡ ಮೂಳೆ, ಸ್ನಾಯುರಜ್ಜು (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ), ಮುರಿದ ಮೂಳೆಗೆ ಹಾಕಿದ ಲೋಹದ ಪ್ಲೇಟ್ ಇವುಗಳ ಮೇಲೆ ಅದು ಹಿಡಿಯುವುದಿಲ್ಲ. ಗ್ರಾಫ್ಟ್‌ಗೆ ಸ್ವಂತ ರಕ್ತನಾಳವಿಲ್ಲ, ಅಡಿಯಿಂದಲೇ ರಕ್ತ ಸಿಗಬೇಕು. ಅಲ್ಲಿ ರಕ್ತನಾಳದ ಸಮೇತ ತಂದ ಚರ್ಮ, ಕೊಬ್ಬು, ಅಂದರೆ ಫ್ಲ್ಯಾಪ್ ಬೇಕು.

ಫ್ಲ್ಯಾಪ್‌ನ ಹಣೆಬರಹ ಅರ್ಧ ತೀರ್ಮಾನವಾಗುವುದು ಗಾಯ ಶುದ್ಧಮಾಡುವಾಗ. ಚಿಮುಟದಿಂದ ಹಿಡಿದರೆ ಮಾಂಸಖಂಡ ಮಿಡುಕಬೇಕು, ಕೊಯ್ದರೆ ರಕ್ತ ಒಸರಬೇಕು. ಮಂಕಾಗಿ, ಮೆತ್ತಗಾದದ್ದನ್ನು ಉಳಿಸುವ ಆಸೆ ಬೇಡ. ಅನುಮಾನವಿದ್ದರೆ 48 ಗಂಟೆಯೊಳಗೆ ಆಪರೇಷನ್ ಥಿಯೇಟರ್‌ನಲ್ಲಿ ಮತ್ತೊಮ್ಮೆ ನೋಡಬೇಕು. ಕೈಗೆ ರಕ್ತವೇ ಹೋಗದಿದ್ದರೆ ಮಾತ್ರ ಲೆಕ್ಕ ಬೇರೆ: ಮಾಂಸಖಂಡ ತಾಳುವುದು ಸುಮಾರು 6 ಗಂಟೆ. ಆಗ ರಕ್ತನಾಳ ಸರಿಪಡಿಸುವುದಕ್ಕೇ ಮೊದಲ ಸರದಿ.

ಕೈಕಾಲುಗಳ ಇಂಥ ಗಾಯಗಳನ್ನು 72 ಗಂಟೆಯೊಳಗೆ ಮುಚ್ಚಿದರೆ ಸೋಂಕೂ ಫ್ಲ್ಯಾಪ್ ಸೋಲುವುದೂ ಕಡಿಮೆ ಎಂದು ಶಸ್ತ್ರವೈದ್ಯ ಮಾರ್ಕೊ ಗೊಡಿನಾ ಅವರ 1986ರ ವರದಿ ತೋರಿಸಿತು. ಆದರೆ ಸತ್ತ ಮಾಂಸ ಉಳಿದಿರುವಾಗ ಗಡಿಯಾರ ನೋಡಿ ಮುಚ್ಚುವುದು ತಪ್ಪು.

ದೊಡ್ಡ ಗಾಯಕ್ಕೆ ತೊಡೆಯ ಮುಂದಿನ ಹೊರಭಾಗದ ಫ್ಲ್ಯಾಪ್ ಬಲು ಉಪಯುಕ್ತ. ಅಗಲ ಸುಮಾರು 8 ಸೆಂ.ಮೀ. ಒಳಗಿದ್ದರೆ ತೊಡೆಯನ್ನು ಸಾಮಾನ್ಯವಾಗಿ ನೇರ ಹೊಲಿಯಬಹುದು. ಫ್ಲ್ಯಾಪ್‌ನ ನಾಳಗಳನ್ನು ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ನೂಲಿನಿಂದ, ಗಾಯದಿಂದ ದೂರದ ಆರೋಗ್ಯವಂತ ನಾಳಕ್ಕೇ ಜೋಡಿಸಬೇಕು. ಜಜ್ಜಿದ ಜಾಗದಲ್ಲಿ ಜೋಡಿಸಿದರೆ ರಕ್ತ ಹೆಪ್ಪುಗಟ್ಟುತ್ತದೆ.

ಮೊದಲ 48 ಗಂಟೆ ನರ್ಸ್‌ಗಳ ಕಣ್ಣೇ ಕಾವಲು. ಫ್ಲ್ಯಾಪ್ ಬಿಳಿಚಿ ತಣ್ಣಗಾಗಿ, ಸೂಜಿ ಚುಚ್ಚಿದರೂ ರಕ್ತ ಬಾರದಿದ್ದರೆ ರಕ್ತ ತರುವ ಅಪಧಮನಿ ಕಟ್ಟಿದೆ. ನೀಲಿಗಟ್ಟಿ, ಉಬ್ಬಿ, ಒತ್ತಿ ಬಿಟ್ಟೊಡನೆ ಬಣ್ಣ ಮರಳಿದರೆ, ಕಡುಗಪ್ಪು ರಕ್ತ ಜಿನುಗಿದರೆ ರಕ್ತ ಮರಳಿ ಒಯ್ಯುವ ಅಭಿಧಮನಿ ಕಟ್ಟಿದೆ. ಹೆಚ್ಚು ಕಾಡುವುದು ಇದೇ. ಬಿಗಿದ ಡ್ರೆಸಿಂಗ್ ಸಡಿಲಿಸಿಯೂ ಬಣ್ಣ ತಿರುಗದಿದ್ದರೆ ನಡುರಾತ್ರಿಯಾದರೂ ಥಿಯೇಟರ್‌ಗೆ ಒಯ್ಯಬೇಕು. ಬೆಳಗಿನ ರೌಂಡ್ಸ್‌ವರೆಗೆ ಕಾಯುವಂತಿಲ್ಲ.

ಸೂಕ್ಷ್ಮದರ್ಶಕವಿಲ್ಲದ ಊರಿನಲ್ಲಿ ಮಣಿಕಟ್ಟಿನ ಸಮೀಪದ ಗಾಯಕ್ಕೆ 1972ರಲ್ಲಿ ವರದಿಯಾದ ತೊಡೆಸಂದಿನ ಫ್ಲ್ಯಾಪ್ ಈಗಲೂ ಕೈಹಿಡಿಯುತ್ತದೆ. ಫ್ಲ್ಯಾಪ್‌ನ ಬುಡವನ್ನು ಕತ್ತರಿಸದೆ ಬಿಡುವುದರಿಂದ ಸುಮಾರು 3 ವಾರ ಕೈ ತೊಡೆಸಂದಿಗೆ ಅಂಟಿಕೊಂಡಿರುತ್ತದೆ. ಅಷ್ಟರಲ್ಲಿ ಭುಜ, ಬೆರಳು ಬಿಗಿದುಕೊಳ್ಳುತ್ತವೆ. ಮರುದಿನದಿಂದಲೇ ಬೆರಳಾಡಿಸುವುದನ್ನು ಕಲಿಸಬೇಕು. ಫ್ಲ್ಯಾಪ್ ಮೆತ್ತಗಾದ ಮೇಲೆ, ಸಾಮಾನ್ಯವಾಗಿ ಕೆಲವು ತಿಂಗಳ ನಂತರ, ಅದನ್ನೇ ಎತ್ತಿ ಅಡಿಯಲ್ಲಿ ಸ್ನಾಯುರಜ್ಜು ಜೋಡಿಸಬಹುದು.